ವಾಟರ್‌ಫಾಲ್‌ನಲ್ಲಿ ನೀರಿದೆ, ನಲ್ಲಿಯಲ್ಲಿ ಇಲ್ಲ: ಎಸ್‌ಡಿಆರ್‌ನ ದನಿ ಕೆಟ್ಟಾಗ ಎಲ್ಲಿ ಹುಡುಕಬೇಕು

“ಸಾರ್, ವಾಟರ್‌ಫಾಲ್ ಚೆನ್ನಾಗಿ ಹರೀತಾ ಇದೆ, ಸಿಗ್ನಲ್ಲೂ ಕಾಣ್ತಿದೆ. ದನಿ ಮಾತ್ರ ಇಲ್ಲ.”

ಹೊಸದಾಗಿ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ, ಲೈಸೆನ್ಸ್ ಪಡೆದ ಗೆಳೆಯರ ಫೋನ್ ಕರೆಗಳಲ್ಲಿ ಅರ್ಧಕ್ಕರ್ಧ ಹೀಗೇ ಶುರುವಾಗುತ್ತವೆ. ವಾಟರ್‌ಫಾಲ್ ಅಂದರೆ ಎಸ್‌ಡಿಆರ್ (ಸಾಫ್ಟ್‌ವೇರ್ ಡಿಫೈನ್ಡ್ ರೇಡಿಯೊ) ಪರದೆಯ ಮೇಲೆ ಜಲಪಾತದಂತೆ ಇಳಿಯುವ ಸಿಗ್ನಲ್‌ಗಳ ಚಿತ್ರ. ಮಿಕ್ಕವು “ದನಿ ಬರ್ತಿದೆ, ಆದ್ರೆ ತುಂಡು ತುಂಡಾಗಿ” ಎಂದೋ “ಯಾರೋ ಮಡಕೆಯೊಳಗೆ ಕೂತು ಮಾತಾಡಿದ ಹಾಗಿದೆ” ಎಂದೋ ಇರುತ್ತವೆ. ಫೋನ್ ಮಾಡುವ ಹೊತ್ತಿಗೆ ಅವರು ಸಾಫ್ಟ್‌ವೇರನ್ನು ಎರಡು ಸಲ ಅಳಿಸಿ ಹಾಕಿಕೊಂಡಿರುತ್ತಾರೆ, ಡ್ರೈವರ್ ಬದಲಿಸಿರುತ್ತಾರೆ, ಹೊಸ ಕೇಬಲ್ಲಿಗೆ ಆರ್ಡರ್ ಕೂಡ ಕೊಟ್ಟಿರುತ್ತಾರೆ. ತೊಂದರೆ ಎಲ್ಲಿದೆ ಅನ್ನುವುದನ್ನು ಮಾತ್ರ ಯಾರೂ ನೋಡಿರುವುದಿಲ್ಲ.

ಟ್ರಾನ್ಸಿಸ್ಟರ್ ರೇಡಿಯೊ ರಿಪೇರಿ ಮಾಡುತ್ತಿದ್ದವರಿಗೆ ಒಂದು ಉಪಾಯ ಗೊತ್ತಿತ್ತು. ಹಿಂದಿನ ಮುಚ್ಚಳ ತೆಗೆದು, ಸ್ಕ್ರೂಡ್ರೈವರಿನ ಲೋಹ ಹಿಡಿದುಕೊಂಡು ವಾಲ್ಯೂಮ್ ಕಂಟ್ರೋಲಿನ ನಡುಕಾಲನ್ನು ಮುಟ್ಟುವುದು. ಸ್ಪೀಕರಿನಲ್ಲಿ ‘ಗುಂಯ್’ ಅಂದರೆ ಅಲ್ಲಿಂದ ಮುಂದಿನದೆಲ್ಲ ಸರಿಯಿದೆ, ದೋಷ ಹಿಂದೆ ಎಲ್ಲೋ ಇದೆ. ಒಂದೇ ಮುಟ್ಟಿಗೆ ಅರ್ಧ ರೇಡಿಯೊ ಲೆಕ್ಕದಿಂದ ಹೊರಗೆ ಹೋಯಿತು. ಎಸ್‌ಡಿಆರ್‌ನಲ್ಲಿ, ಅಂದರೆ ಸಾಫ್ಟ್‌ವೇರೇ ರೇಡಿಯೊ ಆಗಿರುವ ಕಡೆ, ಸ್ಕ್ರೂಡ್ರೈವರಿಗೆ ಸಿಗುವ ಕಾಲುಗಳು ಇಲ್ಲ. ಉಪಾಯ ಮಾತ್ರ ಇಲ್ಲೂ ನಡೆಯುತ್ತದೆ. ಅದಕ್ಕೆ ಮೊದಲು ದನಿ ಯಾವ ದಾರಿಯಲ್ಲಿ ಬರುತ್ತದೆ ಎಂದು ಗೊತ್ತಿರಬೇಕು.

ನಮ್ಮಲ್ಲಿ ಹೆಚ್ಚಿನವರು ಶುರು ಮಾಡುವ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ಲನ್ನೇ ತೆಗೆದುಕೊಳ್ಳೋಣ. ಮೂಲದಲ್ಲಿ ಇದು ಕಂಪ್ಯೂಟರಿನಲ್ಲಿ ಡಿಜಿಟಲ್ ಟಿವಿ ನೋಡಲು ಮಾಡಿದ ಯುಎಸ್‌ಬಿ ಕಡ್ಡಿ. ಅದರೊಳಗಿನ ರಿಯಲ್‌ಟೆಕ್ ಆರ್‌ಟಿಎಲ್2832ಯು ಚಿಪ್ಪಿನಿಂದ ಹಸಿ ಸ್ಯಾಂಪಲ್‌ಗಳನ್ನೇ ಎಳೆದುಕೊಳ್ಳಬಹುದು ಎಂದು 2012ರಲ್ಲಿ ಹವ್ಯಾಸಿಗಳು ಪತ್ತೆಹಚ್ಚಿದ ಮೇಲೆ ಅದು ಬಡವರ ರಿಸೀವರ್ ಆಯಿತು. ಆಂಟೆನಾದಿಂದ ಬಂದ ಸಿಗ್ನಲ್ಲನ್ನು ಅದು ಸೆಕೆಂಡಿಗೆ ಸಾಮಾನ್ಯವಾಗಿ 24 ಲಕ್ಷ ಸಲ ಅಳೆಯುತ್ತದೆ. ಒಂದೊಂದು ಅಳತೆಗೂ ಐ ಮತ್ತು ಕ್ಯೂ ಎಂಬ ಎರಡು ಅಂಕಿ, ಒಂದೊಂದಕ್ಕೆ ಒಂದು ಬೈಟ್. ಅಂದರೆ ಸೆಕೆಂಡಿಗೆ 48 ಲಕ್ಷ ಬೈಟ್ ಯುಎಸ್‌ಬಿ ತಂತಿಯಲ್ಲಿ ಹರಿಯುತ್ತಿರುತ್ತದೆ. ಸಾಫ್ಟ್‌ವೇರು ಆ ಹೊಳೆಯಿಂದ ನಮಗೆ ಬೇಕಾದ ಒಂದೇ ಸ್ಟೇಶನ್ನನ್ನು ಸೋಸಿ, ಮಾತಾಗಿ ಬಿಡಿಸಿ, ಸೆಕೆಂಡಿಗೆ 48,000 ಸ್ಯಾಂಪಲ್‌ಗಳ ಸಣ್ಣ ಕಾಲುವೆಯಾಗಿ ಮಾಡುತ್ತದೆ. 24 ಲಕ್ಷವನ್ನು 50ರಿಂದ ಭಾಗಿಸಿದರೆ ಸರಿಯಾಗಿ 48,000. ಈ ಕಾಲುವೆ ವಿಂಡೋಸ್ ಅಥವಾ ಲಿನಕ್ಸಿನ ಆಡಿಯೊ ವ್ಯವಸ್ಥೆಗೆ, ಅಲ್ಲಿಂದ ಸೌಂಡ್‌ಕಾರ್ಡಿಗೆ, ಕೊನೆಗೆ ಸ್ಪೀಕರಿಗೆ ಹೋಗುತ್ತದೆ.

ಈ ದಾರಿಯ ಎರಡು ತುದಿಗಳಲ್ಲಿ ಮಾತ್ರ ನಿಜವಾದ ವಿದ್ಯುತ್ತಿನ ಅಲೆ ಇದೆ: ಆಂಟೆನಾದಿಂದ ಡಾಂಗಲ್ಲಿನವರೆಗೆ ಒಂದು ತುಂಡು, ಸೌಂಡ್‌ಕಾರ್ಡಿನಿಂದ ಸ್ಪೀಕರಿನವರೆಗೆ ಇನ್ನೊಂದು ತುಂಡು. ನಡುವಿನದೆಲ್ಲ ಬರೀ ಅಂಕಿ. ತುದಿಗಳಿಗೆ ಬರುವುದು ಅಜ್ಜನ ಕಾಲದ ಕಾಯಿಲೆಗಳೇ: ಸಡಿಲ ಕನೆಕ್ಟರು, ಗುಂಯ್‌ಗುಡುವ ಅರ್ಥಿಂಗು, ಪಕ್ಕದ ಮನೆಯ ಎಲ್‌ಇಡಿ ಬಲ್ಬಿನ ಗಲಾಟೆ. ನಡುವಿನ ಅಂಕಿಗಳಿಗೆ ಆ ಯಾವುದೂ ತಟ್ಟುವುದಿಲ್ಲ. ಅಂಕಿಗೆ ಆಗಬಹುದಾದ ಕೇಡು ನಾಲ್ಕೇ: ಬೇರೆ ವಿಳಾಸಕ್ಕೆ ಹೋಗಬಹುದು, ಕಳೆದುಹೋಗಬಹುದು, ತಡವಾಗಬಹುದು, ಇಲ್ಲವೇ ಪಾತ್ರೆಗಿಂತ ದೊಡ್ಡದಾಗಿ ತುಳುಕಬಹುದು. ಪ್ರತಿಯೊಂದಕ್ಕೂ ಅದರದೇ ಸದ್ದಿದೆ. ಕಿವಿಗೆ ಅದು ಅಭ್ಯಾಸವಾದರೆ ಅರ್ಧ ಕೆಲಸ ಮುಗಿದಂತೆ.

ಸ್ಕ್ರೂಡ್ರೈವರಿನ ಮುಟ್ಟಿಗೆ ಇಲ್ಲಿ ಸಮನಾದದ್ದು ವಾಟರ್‌ಫಾಲ್. ಪರದೆಯ ಮೇಲೆ ನೀಲಿ ಹಳದಿ ಬಣ್ಣದಲ್ಲಿ ಇಳಿಯುವ ಆ ಚಿತ್ರ ಸ್ಟೇಶನ್ನನ್ನು ಸೋಸುವುದಕ್ಕಿಂತ ಮುಂಚಿನದು. ಆದ್ದರಿಂದ ದನಿ ಕೆಟ್ಟಾಗ ಮೊದಲು ನೋಡಬೇಕಾದ್ದು ಅದನ್ನು. ವಾಟರ್‌ಫಾಲ್ ನಯವಾಗಿ ಇಳಿಯುತ್ತಿದ್ದು ದನಿ ಮಾತ್ರ ಇಲ್ಲದಿದ್ದರೆ ಇಲ್ಲವೇ ತುಂಡಾಗುತ್ತಿದ್ದರೆ ಆಂಟೆನಾ, ಡಾಂಗಲ್, ಯುಎಸ್‌ಬಿ ತಂತಿ ಇವನ್ನೆಲ್ಲ ಬಿಟ್ಟುಬಿಡಿ, ದೋಷ ಮುಂದಿದೆ. ದನಿ ತುಂಡಾದಾಗಲೆಲ್ಲ ವಾಟರ್‌ಫಾಲೂ ಒಂದು ಕ್ಷಣ ನಿಂತು ಜಿಗಿಯುತ್ತಿದ್ದರೆ ಸ್ಪೀಕರಿನ ಕಡೆ ತಲೆಹಾಕುವುದೇ ಬೇಡ, ಅಂಕಿಗಳು ಬರುವ ದಾರಿಯಲ್ಲೇ ಕಳೆಯುತ್ತಿವೆ. ಐದು ಸೆಕೆಂಡಿನ ಕೆಲಸ. ಫೋನಿನಲ್ಲಿ ನಾನು ಕೇಳುವ ಮೊದಲ ಪ್ರಶ್ನೆಯೂ ಇದೇ.

ದನಿಯೇ ಇಲ್ಲ

ವಾಟರ್‌ಫಾಲ್ ಇದೆ, ದನಿ ಇಲ್ಲ ಅಂದರೆ ಹತ್ತಕ್ಕೆ ಒಂಬತ್ತು ಸಲ ಅದು ಬೇರೆ ವಿಳಾಸಕ್ಕೆ ಹೋಗಿದೆ. ಇಂದಿನ ಒಂದು ಸಾಧಾರಣ ಕಂಪ್ಯೂಟರಿನಲ್ಲೂ ದನಿ ಹೊರಬೀಳಲು ನಾಲ್ಕೈದು ಬಾಗಿಲುಗಳಿವೆ: ಒಳಗಿನ ಸ್ಪೀಕರು, ಹೆಡ್‌ಫೋನು, ಎಚ್‌ಡಿಎಂಐ ಮಾನಿಟರು, ಬ್ಲೂಟೂತು. ಡಿಜಿಟಲ್ ಮೋಡ್ (ಮಾತಿನ ಬದಲು ಕಂಪ್ಯೂಟರಿನಿಂದ ಅಕ್ಷರ ಸಂದೇಶ ಕಳಿಸುವುದು) ಮಾಡುವವರಾದರೆ ಇದರ ಮೇಲೊಂದು ವರ್ಚುವಲ್ ಕೇಬಲ್. ಇದು ತಂತಿಯಿಲ್ಲದ ತಂತಿ. ಒಂದು ಸಾಫ್ಟ್‌ವೇರಿನ ದನಿಯನ್ನು ಸ್ಪೀಕರಿಗೆ ಬಿಡದೆ ನೇರವಾಗಿ ಇನ್ನೊಂದರ ಕಿವಿಗೆ ಹಾಕುತ್ತದೆ. ವಿಂಡೋಸಿನಲ್ಲಿ ವಿಬಿ-ಕೇಬಲ್ ಎಂಬುದನ್ನು ಬಹಳ ಮಂದಿ ಬಳಸುತ್ತಾರೆ. ಹಾಕಿಕೊಂಡ ಮೇಲೆ ಎಷ್ಟೋ ಸಲ ಅದೇ ಕಂಪ್ಯೂಟರಿನ ಡೀಫಾಲ್ಟ್ ಸ್ಪೀಕರಾಗಿ ಕೂತುಬಿಡುತ್ತದೆ. ಆಮೇಲೆ ರೇಡಿಯೊ ಇರಲಿ, ಯೂಟ್ಯೂಬೂ ಮೂಕವಾಗುತ್ತದೆ. ಯೂಟ್ಯೂಬ್ ಕೇಳಿಸುತ್ತಿದೆಯೇ ಎಂದು ನೋಡುವುದು ಅದಕ್ಕೇ ಒಳ್ಳೆಯ ಪರೀಕ್ಷೆ.

ಒಂದು ಭಾನುವಾರ ನಾನೇ ಒಂದೂವರೆ ಗಂಟೆ ಕಳೆದಿದ್ದೇನೆ. ಹಿಂದಿನ ದಿನ ಹೊಸ ಮಾನಿಟರ್ ತಂದಿದ್ದೆ, ಅದಕ್ಕೆ ಸ್ಪೀಕರೇ ಇರಲಿಲ್ಲ. ಕಂಪ್ಯೂಟರಿಗೆ ಅದು ಹೇಗೆ ಗೊತ್ತಾಗಬೇಕು? ಎಚ್‌ಡಿಎಂಐ ಸಿಕ್ಕಿತು ಎಂದು ದನಿಯನ್ನೆಲ್ಲ ಅತ್ತ ಸುರಿಯುತ್ತಿತ್ತು. ನಾನು ಇತ್ತ ಆಂಟೆನಾ ಕೋಯಾಕ್ಸ್ ಬಿಚ್ಚಿ ಮಲ್ಟಿಮೀಟರ್ ಹಿಡಿದು ಕೂತಿದ್ದೆ. ವಾಟರ್‌ಫಾಲ್ ಕಣ್ಣೆದುರೇ ಹರಿಯುತ್ತಿದ್ದರೂ.

ವಿಂಡೋಸಿನಲ್ಲಿ ಇನ್ನೊಂದು ಬಲೆ ಇದೆ. ರೇಡಿಯೊದಿಂದ ಡಬ್ಲ್ಯುಎಸ್‌ಜೆಟಿ-ಎಕ್ಸ್‌ನಂಥ, ಡಿಜಿಟಲ್ ಮೋಡಿನ ಸಂದೇಶ ಬಿಡಿಸುವ ಸಾಫ್ಟ್‌ವೇರಿಗೆ ಬರುವ ದನಿಯನ್ನು ವಿಂಡೋಸ್ ಮೈಕ್ ಎಂದೇ ಎಣಿಸುತ್ತದೆ. ಪ್ರೈವಸಿ ಸೆಟ್ಟಿಂಗಿನಲ್ಲಿ ಡೆಸ್ಕ್‌ಟಾಪ್ ಆಪ್‌ಗಳಿಗೆ ಮೈಕ್ ಬಳಸಲು ಅನುಮತಿ ಇಲ್ಲದಿದ್ದರೆ ಎಲ್ಲ ಸರಿಯಾಗಿ ಜೋಡಿಸಿದ್ದರೂ ಮೀಟರ್ ಸೊನ್ನೆಯಲ್ಲೇ ನಿಂತಿರುತ್ತದೆ. ಯಾವ ದೂರೂ ಪರದೆಯ ಮೇಲೆ ಬರುವುದಿಲ್ಲ. ಐಕಾಮ್ ಐಸಿ-7300ನಂಥ, ಯುಎಸ್‌ಬಿ ಸೌಂಡ್‌ಕಾರ್ಡ್ ಒಳಗೇ ಇರುವ ರಿಗ್‌ಗಳಲ್ಲಿ (ಹ್ಯಾಮ್‌ಗಳ ಕಳಿಸುವ-ಕೇಳುವ ರೇಡಿಯೊಗಳಲ್ಲಿ) ಮತ್ತೊಂದು ತಮಾಷೆ: ಯುಎಸ್‌ಬಿ ತಂತಿಯನ್ನು ಬೇರೆ ಪೋರ್ಟಿಗೆ ಚುಚ್ಚಿದರೆ ವಿಂಡೋಸಿಗೆ ಅದು ಬೇರೆಯೇ ಸೌಂಡ್‌ಕಾರ್ಡು, ಹೆಸರಿನ ಹಿಂದೆ 2 ಎಂದೋ 3 ಎಂದೋ ಸೇರುತ್ತದೆ. ಸಾಫ್ಟ್‌ವೇರು ಹಳೆಯ ಹೆಸರು ಹಿಡಿದು ಕಾಯುತ್ತಾ ಕೂತಿರುತ್ತದೆ. ಯಾವ ತಂತಿ ಯಾವ ಪೋರ್ಟಿಗೆ ಎಂದು ನೇಲ್ ಪಾಲಿಶಿನಿಂದ ಚುಕ್ಕೆ ಇಟ್ಟುಕೊಂಡ ಮೇಲೆ ನನ್ನ ರೇಡಿಯೊ ಕೋಣೆಯಲ್ಲಿ ಈ ಗೋಳು ತಪ್ಪಿದೆ.

ವಿಳಾಸವೆಲ್ಲ ಸರಿ ಅನ್ನಿಸಿದ ಮೇಲೂ ಅನುಮಾನ ಉಳಿದರೆ ಹ್ಯಾಮ್ ಬ್ಯಾಂಡಿನಲ್ಲಿ ಹುಡುಕಾಡಬೇಡಿ, ಗೊತ್ತಿರುವ ದೊಡ್ಡ ಸ್ಟೇಶನ್ನಿಗೆ ಹೋಗಿ. ಬೆಂಗಳೂರಿನವರಿಗೆ 101.3ರಲ್ಲಿ ಆಕಾಶವಾಣಿಯ ರೇನ್‌ಬೋ ಇದೆ, 102.9ರಲ್ಲಿ ವಿವಿಧಭಾರತಿ ಇದೆ. ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ದನಿ ಮುಚ್ಚುವ ಬಾಗಿಲು) ಪೂರ್ತಿ ತೆರೆದು, ಮೋಡ್ ಅನ್ನು ವೈಡ್ ಎಫ್‌ಎಂಗೆ ಇಟ್ಟು ಕೇಳಿ. ಅದು ಚೆನ್ನಾಗಿ ಕೇಳಿಸಿದರೆ ದಾರಿ ಸರಿಯಿದೆ. ಮೋಡ್ ವಿಚಾರ ಯಾಕೆ ಹೇಳಿದೆನೆಂದರೆ ಎಫ್‌ಎಂ ಪ್ರಸಾರ ಸುಮಾರು 200 ಕಿಲೋಹರ್ಟ್ಸ್ ಅಗಲ ತೆಗೆದುಕೊಳ್ಳುತ್ತದೆ, ಹ್ಯಾಮ್‌ಗಳ ಎಫ್‌ಎಂ ಅದರ ಹತ್ತನೆಯ ಒಂದು ಭಾಗವೂ ಇರುವುದಿಲ್ಲ. ವೈಡ್ ಸ್ಟೇಶನ್ನನ್ನು ನ್ಯಾರೋ ಫಿಲ್ಟರಿನಲ್ಲಿ ಕೇಳಿದರೆ ಹಾಡು ಗರಗಸ ಎಳೆದಂತಿರುತ್ತದೆ. ನ್ಯಾರೋ ಸ್ಟೇಶನ್ನನ್ನು ವೈಡ್‌ನಲ್ಲಿ ಕೇಳಿದರೆ ಸೊಳ್ಳೆಯ ದನಿಯಲ್ಲಿ ಮಾತು, ಅದರ ಮೇಲೆ ಮಳೆ ಹುಯ್ದಂತೆ ಶೂ ಎಂಬ ಸದ್ದು. ಎರಡನ್ನೂ ‘ಡಾಂಗಲ್ ಸರಿಯಿಲ್ಲ’ ಎಂದು ತೀರ್ಮಾನಿಸಿದವರನ್ನು ಕಂಡಿದ್ದೇನೆ.

ತುಂಡು ತುಂಡು ದನಿ, ಮತ್ತು ಸಂಪಿನ ಲೆಕ್ಕ

ಈ ಭಾಗಕ್ಕೆ ಸ್ವಲ್ಪ ಹೊತ್ತು ಕೊಡಬೇಕು, ಯಾಕೆಂದರೆ ಎಸ್‌ಡಿಆರ್‌ಗೇ ವಿಶಿಷ್ಟವಾದ ಕಾಯಿಲೆ ಇದು. ಹಳೆಯ ರೇಡಿಯೊದಲ್ಲಿ ದನಿ ಕ್ಷೀಣಿಸುತ್ತಿತ್ತು, ಒಡೆಯುತ್ತಿತ್ತು, ಕರಗುತ್ತಿತ್ತು. ಕತ್ತರಿಯಲ್ಲಿ ಕತ್ತರಿಸಿದಂತೆ ತುಂಡಾಗುತ್ತಿರಲಿಲ್ಲ.

ವಾಟರ್‌ಫಾಲೂ ಜೊತೆಗೆ ಜಿಗಿಯುತ್ತಿದ್ದರೆ ಕತೆ ಸರಳ. ಸೆಕೆಂಡಿಗೆ 48 ಲಕ್ಷ ಬೈಟ್ ಪೂರ್ತಿಯಾಗಿ ಒಳಗೆ ಬರುತ್ತಿಲ್ಲ, ಅಥವಾ ಬಂದದ್ದನ್ನು ಅರೆಯಲು ಕಂಪ್ಯೂಟರಿಗೆ ಆಗುತ್ತಿಲ್ಲ. ಸ್ಯಾಂಪಲ್ ರೇಟನ್ನು 24 ಲಕ್ಷದಿಂದ 10 ಲಕ್ಷದ ಆಸುಪಾಸಿಗೆ ಇಳಿಸಿ ನೋಡಿ. ಒಂದೇ ಸ್ಟೇಶನ್ ಕೇಳಲು ಅಷ್ಟಗಲದ ಚಿತ್ರ ಬೇಕಿಲ್ಲ. ಸರಿಹೋಯಿತೇ? ಹಾಗಾದರೆ ಕಾರಣ ಯುಎಸ್‌ಬಿ ಹಬ್, ಉದ್ದದ ಅಗ್ಗದ ಎಕ್ಸ್‌ಟೆನ್ಶನ್ ತಂತಿ, ಇಲ್ಲವೇ ಪ್ರೊಸೆಸರಿನ ಸುಸ್ತು. ಲ್ಯಾಪ್‌ಟಾಪು ಬ್ಯಾಟರಿಯಲ್ಲಿದ್ದಾಗ ಯುಎಸ್‌ಬಿ ಪೋರ್ಟುಗಳನ್ನು ಮಲಗಿಸುವ ಪವರ್ ಸೇವಿಂಗ್ ಕೂಡ ಇದೇ ಕೆಲಸ ಮಾಡುತ್ತದೆ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬಳಸುವವರು ಪರದೆಯ ಮೂಲೆಯಲ್ಲಿ ಮಿಂಚಿನ ಚಿಹ್ನೆ ಕಾಣುತ್ತಿದೆಯೇ ನೋಡಬೇಕು. ಅದು ವೋಲ್ಟೇಜ್ ಸಾಲುತ್ತಿಲ್ಲ ಎಂಬ ಸೂಚನೆ. ಹಳೆಯ ಮೊಬೈಲ್ ಚಾರ್ಜರಿನಲ್ಲಿ ಪೈ ಓಡಿಸಿದರೆ ಅದು ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ, ದನಿ ಏದುಸಿರು ಬಿಡುತ್ತದೆ.

ವಾಟರ್‌ಫಾಲ್ ನಯವಾಗಿದ್ದು ದನಿ ಮಾತ್ರ ತುಂಡಾಗುತ್ತಿದ್ದರೆ ವಿಚಾರ ಸಂಪಿನದು.

ನಲ್ಲಿ ನೀರು ಬರುವ ಹೊತ್ತೇ ಬೇರೆ, ನಾವು ಬಳಸುವ ಹೊತ್ತೇ ಬೇರೆ, ಅದಕ್ಕೇ ಮನೆಯಡಿ ಸಂಪು ತೋಡಿಸುತ್ತೇವೆ. ಆಡಿಯೊ ಬಫರ್ ಎಂದರೆ ಅಂಥದ್ದೇ ಸಂಪು. ಕಂಪ್ಯೂಟರ್ ತನ್ನ ಹತ್ತಾರು ಕೆಲಸಗಳ ನಡುವೆ ಬಿಡುವಾದಾಗ ಅದಕ್ಕೆ ಸ್ಯಾಂಪಲ್‌ಗಳನ್ನು ಸುರಿಯುತ್ತದೆ, ಸೌಂಡ್‌ಕಾರ್ಡು ಕೆಳಗಿನಿಂದ ಒಂದೇ ಸಮನೆ ಎಳೆದುಕೊಳ್ಳುತ್ತದೆ. 1,024 ಸ್ಯಾಂಪಲ್‌ಗಳ ಸಂಪು 48,000ದ ಲೆಕ್ಕದಲ್ಲಿ 21 ಮಿಲಿಸೆಕೆಂಡಿಗೆ ಖಾಲಿಯಾಗುತ್ತದೆ. ಆ 21 ಮಿಲಿಸೆಕೆಂಡಿನಲ್ಲಿ ಆಂಟಿವೈರಸ್ ಎದ್ದು ಕೂತರೆ, ವೈಫೈ ಡ್ರೈವರ್ ಆಕಳಿಸಿದರೆ ಸಂಪು ಬರಿದು. ಸ್ಪೀಕರಿನಲ್ಲಿ ‘ಟಿಕ್’. ಇದೇ ಮತ್ತೆ ಮತ್ತೆ ಆದರೆ ‘ಟರ್‌ರ್‌’. ಬಫರನ್ನು 4,096ಕ್ಕೋ 8,192ಕ್ಕೋ ಏರಿಸಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಬದಲಿಗೆ ದನಿ ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸು ತಡವಾಗುತ್ತದೆ, ಸುಮ್ಮನೆ ಕೇಳುವವರಿಗೆ ಅದರಿಂದ ನಷ್ಟವಿಲ್ಲ. ಮೋರ್ಸ್ ಕೀ ಒತ್ತುತ್ತ ತನ್ನ ದನಿಯನ್ನೇ ಕೇಳಿಸಿಕೊಳ್ಳುವವರಿಗೆ ಮಾತ್ರ ಆ ತಡ ಹುಚ್ಚು ಹಿಡಿಸುತ್ತದೆ.

ಬ್ಲೂಟೂತ್ ಹೆಡ್‌ಸೆಟ್ಟಿನ ಬಗ್ಗೆ ನನ್ನದು ಕಡಾಖಂಡಿತ ಅಭಿಪ್ರಾಯ: ರೇಡಿಯೊ ಮೇಜಿನ ಹತ್ತಿರ ಅದು ಬೇಡ. ಮೊದಲೇ ತಡ. ಅದರ ಮೇಲೆ, ಯಾವುದಾದರೂ ಸಾಫ್ಟ್‌ವೇರು ಅದರ ಮೈಕನ್ನು ತೆರೆದ ಕೂಡಲೇ ಅದು ಸಂಗೀತದ ಗುಣಮಟ್ಟ ಬಿಟ್ಟು ಫೋನ್ ಕರೆಯ ಗುಣಮಟ್ಟಕ್ಕೆ ಇಳಿದುಬಿಡುತ್ತದೆ. ಆ ಮಡಕೆಯೊಳಗಿನ ಮಾತಿಗೆ ಎಷ್ಟೋ ಸಲ ಇದೇ ಕಾರಣ. ಇಪ್ಪತ್ತು ಮೂವತ್ತು ಮೀಟರ್ ವೈರಿನ ಆಂಟೆನಾ ಕಟ್ಟುವವರಿಗೆ ಒಂದೂವರೆ ಮೀಟರ್ ಹೆಡ್‌ಫೋನ್ ವೈರು ಭಾರವಾಗಬಾರದು.

ಇನ್ನು ಇದರಲ್ಲೇ ಅತ್ಯಂತ ಕುತಂತ್ರಿ ಜಾತಿ. ಎಲ್ಲ ಚೆನ್ನಾಗಿರುತ್ತದೆ, ಬಫರ್ ದೊಡ್ಡದಿರುತ್ತದೆ, ಪ್ರೊಸೆಸರ್ ತಣ್ಣಗಿರುತ್ತದೆ. ಆದರೂ ಅರ್ಧ ಗಂಟೆಗೊಮ್ಮೆ, ಗಡಿಯಾರ ಇಟ್ಟ ಹಾಗೆ, ಒಂದು ಟಿಕ್. ಕಾರಣ ಎರಡು ಗಡಿಯಾರಗಳು. ಡಾಂಗಲ್ಲಿನೊಳಗೆ ಒಂದು ಕ್ವಾರ್ಟ್ಜ್ ಹರಳಿದೆ, ಸೌಂಡ್‌ಕಾರ್ಡಿನೊಳಗೆ ಇನ್ನೊಂದು. ಒಂದರ ಸೆಕೆಂಡು ಇನ್ನೊಂದರ ಸೆಕೆಂಡಿಗೆ ಸಮ ಇರುವುದಿಲ್ಲ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸ, ಹ್ಯಾಮ್‌ಗಳ ಮಾತಿನಲ್ಲಿ 50 ಪಿಪಿಎಂ, ಅಗ್ಗದ ಹರಳುಗಳ ನಡುವೆ ದೊಡ್ಡ ಮಾತೇನಲ್ಲ. ಅಂದರೆ ಸೆಕೆಂಡಿಗೆ 48,000 ಬೇಕಾದಲ್ಲಿ ಎರಡು ಎರಡೂವರೆ ಸ್ಯಾಂಪಲ್ ಕಡಿಮೆಯೋ ಹೆಚ್ಚೋ ಬರುತ್ತವೆ. ತೊಟ್ಟು ನೀರು. ಆದರೆ ಸಂಪಿನಲ್ಲಿ ಹತ್ತನೇ ಒಂದು ಸೆಕೆಂಡಿನ ನೀರು, ಅಂದರೆ 4,800 ಸ್ಯಾಂಪಲ್ ಇದ್ದರೆ, ಸೆಕೆಂಡಿಗೆ 2.4ರ ಸೋರಿಕೆಯಲ್ಲಿ ಅದು ಬರಿದಾಗಲು 2,000 ಸೆಕೆಂಡು ಸಾಕು. 33 ನಿಮಿಷ. ನಿಮ್ಮ ಅರ್ಧ ಗಂಟೆಯ ಟಿಕ್ ಅದೇ.

ಹರಳು ಎದುರುಕಡೆ ತಪ್ಪಿದ್ದರೆ, ಅಂದರೆ ಡಾಂಗಲ್ಲೇ ಸ್ವಲ್ಪ ಚುರುಕಾಗಿದ್ದರೆ ಸಂಪು ತುಂಬುತ್ತಾ ಹೋಗುತ್ತದೆ. ಆಗ ಟಿಕ್ ಬರುವುದಿಲ್ಲ, ದನಿ ಸದ್ದಿಲ್ಲದೆ ತಡವಾಗುತ್ತಾ ಹೋಗುತ್ತದೆ. ಒಳ್ಳೆಯ ಸಾಫ್ಟ್‌ವೇರುಗಳು ಸಂಪಿನ ಮಟ್ಟ ನೋಡಿಕೊಂಡು ಸ್ಯಾಂಪಲ್‌ಗಳನ್ನು ಕೂದಲೆಳೆಯಷ್ಟು ಹಿಗ್ಗಿಸಿ ಕುಗ್ಗಿಸಿ ಸರಿದೂಗಿಸುತ್ತವೆ. ಎಲ್ಲವೂ ಮಾಡುವುದಿಲ್ಲ. ಮಾಡದಿದ್ದರೆ, ಆಗಾಗ ನಿಲ್ಲಿಸಿ ಮತ್ತೆ ಶುರು ಮಾಡುವುದೇ ಮದ್ದು. ಹಾಗೆಯೇ ಸಾಫ್ಟ್‌ವೇರು, ವರ್ಚುವಲ್ ಕೇಬಲ್, ವಿಂಡೋಸ್ ಮೂರರಲ್ಲೂ ರೇಟು 48,000 ಎಂದೇ ಇದೆಯೇ ನೋಡಿ. ಒಂದು ಕಡೆ 44,100 ಇದ್ದರೆ 160 ಸ್ಯಾಂಪಲ್‌ಗಳನ್ನು 147 ಮಾಡುವ ಕಸರತ್ತು ನಡುವೆ ಸೇರಿಕೊಳ್ಳುತ್ತದೆ. ಆ ಪರಿವರ್ತನೆಯೂ ತಪ್ಪಿಹೋಗಿ 48,000ದ ಅಂಕಿಗಳನ್ನು 44,100ರ ರೇಟಿನಲ್ಲಿ ಓದಿಬಿಟ್ಟರೆ, ಬ್ಯಾಟರಿ ಇಳಿದ ಟೇಪ್ ರೆಕಾರ್ಡರಿನ ದನಿ ಬರುತ್ತದೆ.

ಒರಟು ದನಿ

ತುಂಡಾಗುವುದು ಬೇರೆ, ಒರಟಾಗುವುದು ಬೇರೆ. ಒರಟಿಗೆ ಮುಖ್ಯ ಕಾರಣ ಅಂಕಿ ಪಾತ್ರೆ ಮೀರುವುದು. 16 ಬಿಟ್‌ನ ಆಡಿಯೊದಲ್ಲಿ ಅತಿ ದೊಡ್ಡ ಅಂಕಿ 32,767. ಅಲೆಯ ತುದಿ 40,000ಕ್ಕೆ ಹೋಗಬೇಕಿದ್ದರೂ 32,767ಕ್ಕೇ ತಲೆ ಬೋಳಾಗುತ್ತದೆ. ಒಮ್ಮೆ ಬೋಳಾದ ಅಲೆಯನ್ನು ಮುಂದಿನ ಯಾವ ವಾಲ್ಯೂಮ್ ಇಳಿಸಿದರೂ ಸರಿಪಡಿಸಲಾಗದು. ದನಿ ಸಣ್ಣದಾಗುತ್ತದೆ, ಒರಟು ಹಾಗೇ ಉಳಿಯುತ್ತದೆ. ಆದ್ದರಿಂದ ಇಳಿಸಬೇಕಾದ್ದು ದಾರಿಯ ಮೊದಲ ಕಂಟ್ರೋಲ್ ಗುಂಡಿಯನ್ನು.

ಆ ಮೊದಲ ಗುಂಡಿ ಡಾಂಗಲ್ಲಿನ ಗೇನ್, ಅಂದರೆ ಬಂದ ಸಿಗ್ನಲ್ಲನ್ನು ಎಷ್ಟು ದೊಡ್ಡದು ಮಾಡಬೇಕು ಎಂಬ ಮಟ್ಟ. ಆರ್‌ಟಿಎಲ್ ಡಾಂಗಲ್ಲಿನ ಅಳತೆಗೋಲು ಬರೀ 8 ಬಿಟ್‌ನದು, 256 ಮೆಟ್ಟಿಲು ಅಷ್ಟೇ. ಪಕ್ಕದಲ್ಲೊಂದು ಭಾರಿ ಎಫ್‌ಎಂ ಸ್ಟೇಶನ್ ಇದ್ದರೆ ಮೆಟ್ಟಿಲುಗಳನ್ನೆಲ್ಲ ಅದೇ ಆಕ್ರಮಿಸಿಕೊಳ್ಳುತ್ತದೆ. ಆಗ ಹ್ಯಾಮ್‌ಗಳ 145 ಮೆಗಾಹರ್ಟ್ಸ್‌ನಲ್ಲಿ ಎಫ್‌ಎಂ ಹಾಡು ಕೇಳಿಸತೊಡಗುತ್ತದೆ, ದೆವ್ವದ ಹಾಗೆ. ಅದು ದೆವ್ವವೇ, ಅಲ್ಲಿ ಅಂಥ ಸ್ಟೇಶನ್ ಇಲ್ಲ. ಪತ್ತೆ ಮಾಡಲು ಗೇನನ್ನು ಒಂದೆರಡು ಮೆಟ್ಟಿಲು ಇಳಿಸಿ. ನಿಜವಾದ ಸಿಗ್ನಲ್ ಅಷ್ಟೇ ಇಳಿಯುತ್ತದೆ, ದೆವ್ವ ಅದರ ಎರಡು ಮೂರು ಪಟ್ಟು ಕುಸಿದು ಮಾಯವಾಗುತ್ತದೆ. ಸರಿಯಾದ ಗೇನ್ ಎಷ್ಟು ಎಂದು ಕೇಳುವವರಿಗೆ ನನ್ನ ಉತ್ತರ: ಸೊನ್ನೆಯಿಂದ ಏರಿಸುತ್ತಾ ಹೋಗಿ, ಆಂಟೆನಾ ಚುಚ್ಚಿದಾಗ ವಾಟರ್‌ಫಾಲಿನ ತಳ ಸ್ವಲ್ಪ ಮೇಲೇಳುವ ಜಾಗದಲ್ಲಿ ನಿಲ್ಲಿಸಿ. ಅಲ್ಲಿಂದ ಮೇಲೆ ಏರಿಸಿದ್ದೆಲ್ಲ ಗದ್ದಲ. ಪಟ್ಟಣದ ನಡುವೆ ಇರುವವರಿಗೆ 88ರಿಂದ 108 ಮೆಗಾಹರ್ಟ್ಸನ್ನು ತಡೆಯುವ ಫಿಲ್ಟರು ಒಳ್ಳೆಯ ಖರ್ಚು.

ಎರಡನೆಯ ಗುಂಡಿಗಳು ಕಂಪ್ಯೂಟರಿನೊಳಗೆ ಇವೆ, ಮತ್ತು ಅಲ್ಲಿ ಕೇಳದೆ ಉಪಕಾರ ಮಾಡುವವರು ಬಹಳ. ದನಿಯನ್ನು ಚಂದಗಾಣಿಸುವ ‘ಎನ್‌ಹಾನ್ಸ್‌ಮೆಂಟ್’ಗಳು, ಗದ್ದಲ ಅಳಿಸುವ ಸೌಲಭ್ಯಗಳು ಝೂಮ್ ಕರೆಗೆ ಸರಿ, ಇಲ್ಲಿ ವಿಷ. ಗದ್ದಲದೊಳಗೆ ಹುದುಗಿದ ಕ್ಷೀಣ ಸಿಗ್ನಲ್ಲೇ ನಮಗೆ ಬೇಕಾದ್ದು, ಅವು ಅದನ್ನೇ ಗುಡಿಸಿ ಹಾಕುತ್ತವೆ. ಎಲ್ಲ ಆಫ್ ಮಾಡಿ. ವಿಂಡೋಸಿನ ಸೌಂಡ್ ಸೆಟ್ಟಿಂಗಿನಲ್ಲಿ ‘ಕಮ್ಯುನಿಕೇಶನ್ಸ್’ ಎಂಬ ಪುಟವಿದೆ. ಕರೆ ಬಂದಾಗ ಉಳಿದ ದನಿಗಳನ್ನು ಶೇ 80ರಷ್ಟು ತಗ್ಗಿಸು ಎಂಬುದು ಅಲ್ಲಿ ಮೊದಲೇ ಗುರುತು ಹಾಕಿಸಿಕೊಂಡಿರುತ್ತದೆ. ರೇಡಿಯೊ ಇದ್ದಕ್ಕಿದ್ದಂತೆ ಪಿಸುಗುಟ್ಟತೊಡಗಿದರೆ ಅಲ್ಲಿ ನೋಡಿ. ಡಬ್ಲ್ಯುಎಸ್‌ಜೆಟಿ-ಎಕ್ಸ್‌ಗೆ ಕೊಡುವ ದನಿಯ ಮಟ್ಟಕ್ಕೆ ಸುಲಭದ ಅಳತೆ ಇದೆ: ಸ್ಟೇಶನ್‌ಗಳಿಲ್ಲದ, ಬರೀ ಹಿನ್ನೆಲೆಯ ಸದ್ದು ಇರುವ ಜಾಗದಲ್ಲಿ ಅದರ ಎಡಮೂಲೆಯ ಮೀಟರ್ 30ರ ಹತ್ತಿರ ನಿಲ್ಲಬೇಕು. ಕೆಂಪಾದರೆ ಹೆಚ್ಚಾಯಿತು.

ಒರಟೂ ಅಲ್ಲದ, ತುಂಡೂ ಅಲ್ಲದ, ಆದರೆ ಅರ್ಥವಾಗದ ದನಿಯೂ ಒಂದುಂಟು. ಅದು ಟ್ಯೂನಿಂಗಿನದು. ಮತ್ತೆ ಅದೇ ಹರಳು. 50 ಪಿಪಿಎಂ ತಪ್ಪು 7.1 ಮೆಗಾಹರ್ಟ್ಸ್‌ನಲ್ಲಿ 355 ಹರ್ಟ್ಸ್ ಆಗುತ್ತದೆ. ಸೈಡ್‌ಬ್ಯಾಂಡಿನಲ್ಲಿ (ಹ್ಯಾಮ್‌ಗಳು ಅಲ್ಲಿ ಮಾತಾಡುವ ವಿಧಾನ) ಅಷ್ಟು ಸಾಕು, ಗಂಡಸಿನ ದನಿ ಕಾರ್ಟೂನಿನ ಬಾತುಕೋಳಿಯದಾಗುತ್ತದೆ. ಅದೇ 50 ಪಿಪಿಎಂ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ 145.8 ಮೆಗಾಹರ್ಟ್ಸ್‌ನಲ್ಲಿ 7,290 ಹರ್ಟ್ಸ್, ಅಂದರೆ ನ್ಯಾರೋ ಎಫ್‌ಎಂ ಫಿಲ್ಟರಿನಿಂದಲೇ ಆಚೆ. ನಿಲ್ದಾಣದ ಓಟಕ್ಕೆ ಆಗುವ ಡಾಪ್ಲರ್ ಪಲ್ಲಟ ಬೇರೆ, ಮೂರು ಮೂರೂವರೆ ಕಿಲೋಹರ್ಟ್ಸ್. ಟಿಸಿಎಕ್ಸ್‌ಒ (ಬಿಸಿ ತಂಪಿಗೆ ಜಗ್ಗದ ಹರಳು) ಇರುವ 1 ಪಿಪಿಎಂ ಡಾಂಗಲ್ಲಿಗೆ ಸ್ವಲ್ಪ ಹೆಚ್ಚು ಕೊಡುವುದು ಇದಕ್ಕೇ. ಐ ಮತ್ತು ಕ್ಯೂ ಅದಲುಬದಲಾದರೆ ಇಡೀ ಬ್ಯಾಂಡು ಕನ್ನಡಿಯಲ್ಲಿ ಕಂಡಂತಾಗಿ ಅಪ್ಪರ್ ಸೈಡ್‌ಬ್ಯಾಂಡ್ ಲೋವರ್ ಆಗಿ ಕೇಳಿಸುತ್ತದೆ. ಅಂದ ಹಾಗೆ, ಮೆನುವಿನಲ್ಲಿ ‘ಯುಎಸ್‌ಬಿ’ ಎಂದು ಕಂಡರೆ ಅದು ಅಪ್ಪರ್ ಸೈಡ್‌ಬ್ಯಾಂಡೋ ತಂತಿಯ ಕಿಂಡಿಯೋ ಎಂದು ಎರಡು ಸಲ ಯೋಚಿಸಿ. ಈ ಎರಡಕ್ಕೆ ಒಂದೇ ಹೆಸರಿಟ್ಟ ಲೋಕದ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಗುಂಯ್

ಅಂಕಿಗೆ ಗುಂಯ್ ಹತ್ತುವುದಿಲ್ಲ ಎಂದೆ. ಹಾಗಾಗಿ ಗುಂಯ್ ಕೇಳಿದರೆ ನಡುದಾರಿಯನ್ನು ಪೂರ್ತಿ ಬಿಡಬಹುದು. ಸಾಫ್ಟ್‌ವೇರಿನಲ್ಲಿ ಮ್ಯೂಟ್ ಒತ್ತಿ. ಗುಂಯ್ ಇನ್ನೂ ಇದ್ದರೆ ಅದು ಸೌಂಡ್‌ಕಾರ್ಡು ಮತ್ತು ಸ್ಪೀಕರಿನ ನಡುವಿನದು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ, ನಿಂತರೆ ಅರ್ಥಿಂಗಿನ ಸುತ್ತು. ಒಂದಕ್ಕೊಂದು ಅನುಪಾತದ ಆಡಿಯೊ ಐಸೋಲೇಶನ್ ಟ್ರಾನ್ಸ್‌ಫಾರ್ಮರ್ ಅದಕ್ಕೆ ಕಾಯಂ ಮದ್ದು. ಮ್ಯೂಟ್ ಒತ್ತಿದಾಗ ನಿಂತುಹೋದರೆ ಅದು ಆಂಟೆನಾದಿಂದಲೇ ಬಂದಿದೆ, ವಾಟರ್‌ಫಾಲಿನಲ್ಲೂ ಗೆರೆಗಳಾಗಿ ಕಾಣುತ್ತಿರಬೇಕು. ನಮ್ಮ ಕಡೆ ಮೊದಲ ಆರೋಪಿ ಮನೆಯ ಯುಪಿಎಸ್ ಇನ್‌ವರ್ಟರ್. ಕರೆಂಟ್ ಹೋದ ಕೂಡಲೇ 40 ಮೀಟರ್ ಬ್ಯಾಂಡು (7 ಮೆಗಾಹರ್ಟ್ಸ್‌ನ ಹ್ಯಾಮ್ ಬ್ಯಾಂಡು) ನಿಶ್ಶಬ್ದವಾಗಬೇಕು, ಬೀದಿಯ ಗಲಾಟೆಯೆಲ್ಲ ಆರಬೇಕು. ಹಾಗಾಗದೆ ಹೆಚ್ಚಾದರೆ ಕಳ್ಳ ನಿಮ್ಮ ಮೆಟ್ಟಿಲ ಕೆಳಗೇ ಇದ್ದಾನೆ. ಮೇನ್ ಆರಿಸಿ, ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಇಟ್ಟು, ಒಂದೊಂದೇ ಎಂಸಿಬಿ ಹಾಕುತ್ತಾ ಬನ್ನಿ. ಫ್ರಿಜ್ಜಿನ ಬಗ್ಗೆ ಮನೆಯವರಿಗೆ ಮೊದಲೇ ಹೇಳಿರಿ.

ಪಿಟಿಟಿ ಒತ್ತಿದ ಮೇಲೆ

ಪಿಟಿಟಿ, ಅಂದರೆ ಕಳಿಸುವ ಗುಂಡಿ, ಒತ್ತಿ ಕಳಿಸುವಾಗ ಮಾತ್ರ ದನಿ ಕೆಡುವುದು, ಯುಎಸ್‌ಬಿ ಸೌಂಡ್‌ಕಾರ್ಡೇ ಕಳಚಿಕೊಂಡು ಹೋಗುವುದು: ಇದು ನಮ್ಮದೇ ಸಿಗ್ನಲ್ ತಂತಿಗಳ ಮೇಲೆ ಹತ್ತಿ ಹಿಂದಿರುಗಿದ್ದು. 50 ವ್ಯಾಟ್‌ನಲ್ಲಿ ಕೈಕೊಡುವುದು 5 ವ್ಯಾಟ್‌ನಲ್ಲಿ ಸರಿಯಿದ್ದರೆ, ಆಂಟೆನಾದಲ್ಲಿ ಕೈಕೊಡುವುದು ಡಮ್ಮಿ ಲೋಡಿನಲ್ಲಿ (ಆಂಟೆನಾ ಬದಲು ಹಾಕುವ ರೆಸಿಸ್ಟರಿನಲ್ಲಿ) ಸರಿಯಿದ್ದರೆ ಇನ್ನು ಅನುಮಾನ ಬೇಡ. ಯುಎಸ್‌ಬಿ ತಂತಿಗೆ ಫೆರೈಟ್ ಉಂಗುರ, ಆಂಟೆನಾದ ಬುಡದಲ್ಲಿ ಕೋಯಾಕ್ಸ್ ಸುತ್ತಿದ ಚೋಕ್. ಮೊದಲನೆಯದನ್ನು ಎಲ್ಲರೂ ಮಾಡುತ್ತಾರೆ, ಗುಣ ಕೊಡುವುದು ಹೆಚ್ಚಾಗಿ ಎರಡನೆಯದು.

ಕಳಿಸುವ ದನಿಯ ಮಟ್ಟವನ್ನೂ ಕಡೆಗಣಿಸಬೇಡಿ. ಹೆಚ್ಚು ಒತ್ತಿದರೆ 800 ಹರ್ಟ್ಸ್‌ನ ಸ್ವರದ ಜೊತೆ 1,600, 2,400 ಎಂಬ ಮರಿಗಳೂ ಹೊರಬೀಳುತ್ತವೆ, ಬ್ಯಾಂಡಿನಲ್ಲಿ ನೀವೊಬ್ಬರೇ ಮೂವರಾಗಿ ಕಾಣುತ್ತೀರಿ. ಡಬ್ಲ್ಯುಎಸ್‌ಜೆಟಿ-ಎಕ್ಸ್‌ನಲ್ಲಿ ‘ಸ್ಪ್ಲಿಟ್’ ಆಯ್ಕೆ ಇರುವುದು ಇದಕ್ಕೆ: ಸ್ವರವನ್ನು ಸದಾ 1,500ರಿಂದ 2,000ದೊಳಗೆ ಇಟ್ಟು ರಿಗ್ಗಿನ ಫ್ರೀಕ್ವೆನ್ಸಿಯನ್ನೇ ಸರಿಸುತ್ತದೆ, ಮರಿಗಳು ಫಿಲ್ಟರಿನ ಆಚೆ ಬಿದ್ದು ಸಾಯುತ್ತವೆ. ಮತ್ತೆ, ರಿಗ್ಗಿನ ಸೌಂಡ್‌ಕಾರ್ಡನ್ನು ಕಂಪ್ಯೂಟರಿನ ಡೀಫಾಲ್ಟ್ ಮಾಡಬೇಡಿ. ನಲವತ್ತು ಮೀಟರಿನಲ್ಲಿ ಒಬ್ಬರು ಮಿತ್ರರಿಗೆ ಹೊಸ ಈಮೇಲ್ ಬಂದದ್ದು ಅವರಿಗಿಂತ ಮೊದಲು ನಮಗೆಲ್ಲ ಗೊತ್ತಾಗಿತ್ತು, ‘ಟಿಂಗ್’ ಎಂದು.

ಸದ್ದಿಲ್ಲದೆ ತುಂಬುವ ಸಂಪಿನ ಮಾತು ಬಾಕಿ ಇದೆ. ಎಫ್‌ಟಿ8 ಎಂಬ ಡಿಜಿಟಲ್ ಮೋಡಿನಲ್ಲಿ ಎಲ್ಲರೂ 15 ಸೆಕೆಂಡಿನ ಪಾಳಿಯಲ್ಲಿ ಕಳಿಸುತ್ತಾರೆ. ಬಂದ ಪ್ರತಿ ಸಂದೇಶದ ಪಕ್ಕದಲ್ಲಿ ಡಬ್ಲ್ಯುಎಸ್‌ಜೆಟಿ-ಎಕ್ಸ್ ‘ಡಿಟಿ’ ಎಂಬ ಕಾಲಂನಲ್ಲಿ ಅದು ಎಷ್ಟು ಸೆಕೆಂಡು ತಡವಾಗಿ ಬಂತೆಂದು ಬರೆಯುತ್ತದೆ. ಒಬ್ಬರ ಡಿಟಿ ಹೆಚ್ಚಿದ್ದರೆ ಅವರ ಗಡಿಯಾರ ತಪ್ಪು. ಎಲ್ಲರದೂ ಒಂದೇ ಸಮ ಹೆಚ್ಚಿದ್ದರೆ ತಪ್ಪು ನಮ್ಮದು.

ಒಂದು ಸಂಜೆ ಆರು ಗಂಟೆಗೆ 7.074 ಮೆಗಾಹರ್ಟ್ಸ್‌ನಲ್ಲಿ ಕೂತಾಗ ನನ್ನಲ್ಲಿ ಎಲ್ಲರ ಡಿಟಿ 0.2ರ ಆಸುಪಾಸು ಇತ್ತು. ಊಟ ಮಾಡಿ ಬಂದು ನೋಡಿದಾಗ 0.5. ಹತ್ತು ಗಂಟೆಗೆ 0.9, ಜಾವಾದವರಿಗೂ ಅಷ್ಟೇ, ಯುರೋಪಿನವರಿಗೂ ಅಷ್ಟೇ. ಕಂಪ್ಯೂಟರಿನ ಗಡಿಯಾರವನ್ನು ಇಂಟರ್‌ನೆಟ್ ಸಮಯದ ಜೊತೆ ಹೋಲಿಸಿದೆ, ಸರಿಯಾಗಿತ್ತು. ಕಾಗದದ ಮೇಲೆ ಲೆಕ್ಕ ಹಾಕಿದೆ: ನಾಲ್ಕು ಗಂಟೆಗೆ 0.7 ಸೆಕೆಂಡು, ಅಂದರೆ 14,400 ಸೆಕೆಂಡಿಗೆ 0.7, ಸುಮಾರು 49 ಪಿಪಿಎಂ. ಡಾಂಗಲ್ಲಿನ ಹರಳು ಮತ್ತು ವರ್ಚುವಲ್ ಕೇಬಲ್ಲಿನ ಗಡಿಯಾರದ ನಡುವಿನ ಅಂತರ ಅಷ್ಟೂ ನಡುವಿನ ಬಫರಿನಲ್ಲಿ ಹನಿ ಹನಿಯಾಗಿ ಕೂಡಿಕೊಂಡಿತ್ತು. ಕಿವಿಗೆ ಒಂದು ಟಿಕ್ ಕೂಡ ಕೇಳಿಸಿರಲಿಲ್ಲ. ಎಸ್‌ಡಿಆರ್ ಸಾಫ್ಟ್‌ವೇರಿನಲ್ಲಿ ಸ್ಟಾಪ್ ಒತ್ತಿ ಮತ್ತೆ ಪ್ಲೇ ಒತ್ತಿದೆ. ಮುಂದಿನ ಪಾಳಿಯಲ್ಲಿ ಹನ್ನೊಂದು ಸ್ಟೇಶನ್ ಬಂದವು, ಡಿಟಿ ಮತ್ತೆ 0.2.